ಮಗುವಿಗೆ ಮಾತು ತಡವಾದರೆ ಕನ್ನಡ ಬಿಡಬೇಕೇ?

ಕೋಲ್ಕತ್ತದಲ್ಲಿ ಬೆಳೆಯುತ್ತಿರುವ ಕನ್ನಡದ ಮಗುವಿಗೆ ಎರಡು ವರ್ಷವಾದರೂ ಮಾತು ಬಂದಿಲ್ಲವೆಂದರೆ ಸಲಹೆಗೆ ಬರವಿಲ್ಲ. ಊರಿನಿಂದ ಅಜ್ಜಿ ಫೋನಿನಲ್ಲಿ, "ನಾಲಿಗೆಗೆ ಬಜೆ ತೇಯ್ದು ಹಚ್ಚಿದ್ರಾ? ನಿಮ್ಮಪ್ಪ ಬಾಯಿ ಬಿಟ್ಟಿದ್ದೂ ಮೂರು ವರ್ಷಕ್ಕೇ, ಸುಮ್ನಿರಿ" ಎನ್ನುತ್ತಾರೆ. ಇಲ್ಲಿನವರು, "ಮನೆಯಲ್ಲಿ ಕನ್ನಡ, ಆಯಾ ಬಂಗಾಳಿ, ಟೀವಿ ಹಿಂದಿ. ಮಗುವಿಗೆ ಗೊಂದಲ ಆಗಿದೆ, ಒಂದೇ ಭಾಷೆ ಸಾಕು" ಎನ್ನುತ್ತಾರೆ. ಆ ಒಂದು ಭಾಷೆ ಕನ್ನಡವಂತೂ ಆಗಿರುವುದಿಲ್ಲ.

ನಮ್ಮ ಮಗಳಿಗೆ ಎರಡು ತುಂಬಿದಾಗ ಪ್ಲೇಸ್ಕೂಲಿನವರೂ ಇದನ್ನೇ ಹೇಳಿದರು. ನಾವು ಒಪ್ಪಲಿಲ್ಲ. ಹಲವು ಭಾಷೆ ಕಿವಿಗೆ ಬೀಳುವುದೇ ಮಾತಿನ ತೊಂದರೆಗೆ ಕಾರಣವಲ್ಲ ಎಂದು ವಾಕ್ ತಜ್ಞರು ಹೇಳುತ್ತಾರೆ. ತೊಂದರೆ ಇರುವ ಮಗುವಿಗೆ ಮನೆಯಲ್ಲಿ ಒಂದೇ ಭಾಷೆ ಇದ್ದರೂ ತೊಂದರೆ ಇರುತ್ತದೆ. ಕನ್ನಡ ನಿಲ್ಲಿಸಿದರೆ, ದೋಸೆ ಹುಯ್ಯುತ್ತಾ ಮಗುವಿನೊಡನೆ ಹರಟುವ ಅಮ್ಮ ತನ್ನ ಅರೆಬರೆ ಹಿಂದಿಯಲ್ಲಿ ನಾಲ್ಕೇ ಮಾತಾಡಿ ಸುಮ್ಮನಾಗುತ್ತಾಳೆ. ಮಗುವಿಗೆ ಬೇಕಾಗಿರುವುದೇ ಆ ಹರಟೆ. ಅಜ್ಜಿಯ ಫೋನಂತೂ ಮೂಕವಾಗುತ್ತದೆ.

ಎಣಿಕೆಯಲ್ಲೂ ಮೋಸವಾಗುತ್ತದೆ. ಎರಡು ವರ್ಷಕ್ಕೆ ಸುಮಾರು 50 ಪದ, ಜೊತೆಗೆ ಎರಡೆರಡು ಪದ ಕೂಡಿಸಿ ಆಡುವುದು ಎಂಬುದು ಸಾಮಾನ್ಯ ಅಳತೆ. ಪ್ಲೇಸ್ಕೂಲಿನವರು ಬಂಗಾಳಿ ಪದಗಳನ್ನಷ್ಟೇ ಎಣಿಸುತ್ತಾರೆ, ನಾವು ಕನ್ನಡದವನ್ನಷ್ಟೇ. 'ನೀರು', 'ದುಧ್', 'ಬಾಲ್' ಎಲ್ಲವನ್ನೂ ಒಟ್ಟಿಗೆ ಎಣಿಸಬೇಕು. ನಾವು ಒಂದು ವಾರ ಫ್ರಿಜ್ಜಿನ ಮೇಲೆ ಚೀಟಿ ಅಂಟಿಸಿ ಬರೆದೆವು. ಎಲ್ಲ ಸೇರಿಯೂ 20 ದಾಟಲಿಲ್ಲ. ಅಂದರೆ ಭಾಷೆಗಳ ಮೇಲೆ ತಪ್ಪು ಹೊರಿಸಿ ಕೂರುವಂತಿರಲಿಲ್ಲ, ಅಜ್ಜಿ ಹೇಳಿದಂತೆ ಕಾಯುವಂತೆಯೂ ಇರಲಿಲ್ಲ.

ಮೊದಲು ನೋಡಬೇಕಾದದ್ದು ಕಿವಿ. "ಕುಕ್ಕರ್ ಕೂಗಿದರೆ ತಿರುಗಿ ನೋಡ್ತಾಳಲ್ಲ" ಎಂದು ನಾವೂ ಅಂದೆವು. ಕುಕ್ಕರ್ ಕೇಳಿಸುವ ಮಗುವಿಗೆ 'ಸ', 'ಫ'ದಂಥ ಮೆಲುದನಿಗಳು ಕೇಳಿಸದೇ ಇರಬಹುದು. ಬೇರಾ ಎಂಬ ಪರೀಕ್ಷೆಯನ್ನು ಮಗು ಮಲಗಿರುವಾಗ ಮಾಡುತ್ತಾರೆ, ನೋವಿಲ್ಲ. ನಮ್ಮವಳಿಗೆ ನೆಗಡಿ ಮೇಲೆ ನೆಗಡಿಯಾಗಿ ಕಿವಿಯ ತಮಟೆಯ ಹಿಂದೆ ನೀರು ನಿಂತಿತ್ತು. ಚಿಕಿತ್ಸೆಯ ಜೊತೆಗೇ ವಾಕ್ ಚಿಕಿತ್ಸೆ ಶುರುವಾಯಿತು. ಹೇಳಿಕೊಟ್ಟ ದೀದಿ ಬಂಗಾಳಿಯವರು. "ಇಲ್ಲಿ ಆಡಿದ ಆಟವನ್ನೇ ಮನೆಯಲ್ಲಿ ನಿಮ್ಮ ಭಾಷೆಯಲ್ಲಿ ಆಡಿಸಿ" ಎಂದರು. ಈಗ ಮೂರೂವರೆ. 'ರ' ಇನ್ನೂ 'ಲ'. "ಅನ್ನ ಖಾಬೋ ನಾ" ಎಂದು ಎರಡು ಭಾಷೆ ಕಲಸಿ ಹಟ ಮಾಡುತ್ತಾಳೆ. ಈ ಕಲಬೆರಕೆ ರೋಗವಲ್ಲ; ನಮ್ಮ ಬೆಂಗಳೂರಿನವರು ಮಾತಾಡುವುದೂ ಹೀಗೇ ಅಲ್ಲವೇ!

ಕೆಲವು ಲಕ್ಷಣಗಳಿಗೆ ಎರಡು ವರ್ಷದವರೆಗೂ ಕಾಯಬಾರದು. ವರ್ಷವಾದರೂ ಬೆರಳು ಮಾಡಿ ತೋರಿಸದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಬಂದಿದ್ದ ಮಾತು ಯಾವ ವಯಸ್ಸಿನಲ್ಲೇ ಆಗಲಿ ನಿಂತುಹೋದರೆ ತಕ್ಷಣ ತೋರಿಸಿ.

ಕೋಲ್ಕತ್ತದವರಿಗೆ ಬಿ.ಟಿ. ರಸ್ತೆಯ ಬನ್‌ಹೂಗ್ಲಿಯಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಕನ್ನಡದಲ್ಲೇ ಪರೀಕ್ಷೆ ಆಗಬೇಕೆಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬೇಸಿಗೆಗೆ ಊರಿಗೆ ಹೋಗುವವರು ಒಂದು ದಿನ ಅಲ್ಲಿಗೆ ಮೀಸಲಿಡಬಹುದು. ಇಲ್ಲಿನ ರಿಪೋರ್ಟುಗಳು, ಪದಗಳ ಚೀಟಿ, ಮನೆಯಲ್ಲಿ ಮಗು ಆಡುವ ಮಾತಿನ ವಿಡಿಯೊ ಕೈಯಲ್ಲಿರಲಿ. ಹೊಸಬರ ಮುಂದೆ ಮಕ್ಕಳು ತುಟಿ ಬಿಚ್ಚುವುದಿಲ್ಲ.