ಮರಳುಗಾಡಿನಲ್ಲಿ ಅಣ್ಣಾವ್ರ ಡಿಸ್ಕು!

‘ಬಂಗಾರದ ಮನುಷ್ಯ’ 1972ರಲ್ಲಿ ಬೆಂಗಳೂರಿನ ಸ್ಟೇಟ್ಸ್ ಥಿಯೇಟರಿನಲ್ಲಿ ಎರಡು ವರ್ಷ ಓಡಿತು ಅನ್ನೋದು ನಿಮಗೆಲ್ಲ ಬಾಯಿಪಾಠ. ಅದೇ ಚಿತ್ರ ಶಾರ್ಜಾದ ಒಂದು ರೂಮಿನಲ್ಲಿ ಎಷ್ಟು ವರ್ಷ ಓಡಿತು ಗೊತ್ತೇ? ನಾನು ಅಲ್ಲಿಗೆ ಹೋಗುವ ಹೊತ್ತಿಗೆ ಒಂಬತ್ತು ವರ್ಷ ಓಡಿತ್ತು. ನಾನಿದ್ದ ಎರಡೂವರೆ ವರ್ಷವೂ ಓಡಿತು! ಕ್ಯೂ ಇಲ್ಲ, ಬ್ಲಾಕ್ ಟಿಕೆಟ್ ಇಲ್ಲ, ಕಟೌಟಿಗೆ ಹಾರ ಇಲ್ಲ. ಒಂದು ಡಿವಿಡಿ, ಒಂದು ಪ್ಲೇಯರು, ಆರು ಮಂಚ... ಅಷ್ಟೇ ಥಿಯೇಟರು.

ಪಿಯುಸಿ ಅರ್ಧಕ್ಕೆ ಬಿಟ್ಟವನಿಗೆ ಊರಲ್ಲಿ ಎಲ್ಲರೂ ಬುದ್ಧಿ ಹೇಳುವವರೇ, ಕೆಲಸ ಕೊಡುವವರು ಮಾತ್ರ ಇಲ್ಲ. ನಮ್ಮ ಅರಸೀಕೆರೆ ಕಡೆಯಿಂದ ಗಲ್ಫಿಗೆ ಹೋಗುವವರು ಕಡಿಮೆ. ಆದರೂ 2017ರಲ್ಲಿ ನಾನು ಏಸಿ ರಿಪೇರಿಯ ಹೆಲ್ಪರ್ ಆಗಿ ಹೊರಟೆ. ಸೇರಿಕೊಂಡ ರೂಮಿನಲ್ಲಿ ಮೊದಲೇ ಐದು ಜನ ಇದ್ದರು. ಬಂಟ್ವಾಳದ ಇಬ್ಬರು, ಭಟ್ಕಳದ ಒಬ್ಬ, ಕಲಬುರಗಿಯ ಒಬ್ಬ, ಎಲ್ಲರಿಗಿಂತ ಹಿರಿಯರಾಗಿ ಕುಂದಾಪುರದ ಅಣ್ಣ. ಅವರು ಹೋಟೆಲಿನಲ್ಲಿ ಅಡುಗೆ ಕೆಲಸ ಮಾಡುತ್ತಿದ್ದರು, 1991ರಿಂದ ಅಲ್ಲೇ. ಬಂಟ್ವಾಳದವರು ತಮ್ಮತಮ್ಮಲ್ಲಿ ತುಳು, ಭಟ್ಕಳದವನು ಮನೆಗೆ ಫೋನು ಮಾಡಿದರೆ ನವಾಯತಿ, ಕಲಬುರಗಿಯವನ ಕನ್ನಡ ನನಗೆ ಮೊದಲ ವಾರ ಅರ್ಧ ಮಾತ್ರ ತಿಳಿಯುತ್ತಿತ್ತು. ಆರೂ ಜನಕ್ಕೆ ಪೂರ್ತಿ ಅರ್ಥವಾಗುತ್ತಿದ್ದ ಕನ್ನಡ ಒಂದೇ, ಅಣ್ಣಾವ್ರದು!

ಥಿಯೇಟರಿಗೆ ಹೋಗಬಹುದಿತ್ತಲ್ಲ ಎಂದು ಕೇಳುತ್ತೀರಿ. ಕನ್ನಡ ಚಿತ್ರ ಅಲ್ಲಿ ಬರುತ್ತಿದ್ದುದು ಯಾವಾಗಲೋ ಒಮ್ಮೆ, ಬಂದರೂ ಶುಕ್ರವಾರ ಒಂದೆರಡು ಆಟ. ನನ್ನ ಸಂಬಳ ತಿಂಗಳಿಗೆ ಸಾವಿರ ದಿರ್ಹಂ, ಟಿಕೆಟ್ಟು ಮೂವತ್ತೈದರ ಮೇಲೆ. ಆ ದುಡ್ಡಿನಲ್ಲಿ ನಾಲ್ಕು ದಿನ ಊಟ ಆಗುತ್ತಿತ್ತು ಸ್ವಾಮಿ!

ಡಿಸ್ಕಿನಂಗಡಿಗಳಿದ್ದವು. ರೋಲಾದಲ್ಲಿ ಒಂದು ಅಂಗಡಿಗೆ ಅಣ್ಣ ನನ್ನನ್ನು ಕರೆದುಕೊಂಡು ಹೋಗಿದ್ದರು. ಮಲಯಾಳಂಗೆ ಒಂದು ಗೋಡೆ, ಹಿಂದಿಗೆ ಒಂದು ಗೋಡೆ, ತಮಿಳಿಗೆ ಅರ್ಧ ಗೋಡೆ. ಕನ್ನಡ? ಕೌಂಟರಿನ ಕೆಳಗೆ ಒಂದು ರಟ್ಟಿನ ಡಬ್ಬ! ಅದರಲ್ಲಿ ಹದಿನೈದೋ ಇಪ್ಪತ್ತೋ ಡಿಸ್ಕು, ಎರಡು ತೆಲುಗಿನವು ಕನ್ನಡವೆಂದು ಸೇರಿಕೊಂಡಿದ್ದವು. ಮಲಯಾಳಿಗಳ ಮೇಲೆ ಸಿಟ್ಟು ಬೇಡ. ಅವರು ಕೊಳ್ಳುತ್ತಿದ್ದರು, ಅಂಗಡಿಯವ ಇಡುತ್ತಿದ್ದ. ನಮ್ಮವರು ಒಂದು ಡಿಸ್ಕು ತಂದರೆ ಹತ್ತು ರೂಮು ಸುತ್ತಿಸುತ್ತಿದ್ದೆವು, ಅಂಗಡಿಯವನು ಯಾವ ಲಾಭಕ್ಕೆ ಕನ್ನಡ ತರಿಸಬೇಕು?

ಹಾಗಾಗಿ ಡಿಸ್ಕು ಊರಿನಿಂದಲೇ ಬರಬೇಕು. ಯಾರಿಗಾದರೂ ರಜೆ ಸಿಕ್ಕಿತೆಂದರೆ ರೂಮಿನಲ್ಲಿ ಚೀಟಿ ಬರೆಯುವುದು ಶುರು. ಉಪ್ಪಿನಕಾಯಿ, ಕುಚ್ಚಲಕ್ಕಿ, ನೋವಿನ ಎಣ್ಣೆ, ಕೆಳಗೆ ಸಿನಿಮಾ ಹೆಸರುಗಳು. ಬೆಂಗಳೂರಿಗೆ ಹೋದವರು ಗಾಂಧಿನಗರದ ಸಪ್ನಾ ಬುಕ್ ಹೌಸಿನಲ್ಲೋ ನ್ಯಾಷನಲ್ ಮಾರ್ಕೆಟ್ಟಿನಲ್ಲೋ ಹುಡುಕುತ್ತಿದ್ದರು. ಜಯನಗರದ ಟೋಟಲ್ ಕನ್ನಡ ಅಂಗಡಿಯಿಂದ ಅಮೆರಿಕದವರು ಅಂಚೆಯಲ್ಲೇ ತರಿಸಿಕೊಳ್ಳುತ್ತಿದ್ದರಂತೆ. ನಮ್ಮಂಥವರಿಗೆ ಅಂಚೆ ಖರ್ಚು ಡಿಸ್ಕಿಗಿಂತ ಜಾಸ್ತಿ. ಲುಂಗಿಯಲ್ಲಿ ಸುತ್ತಿ ಸೂಟ್‌ಕೇಸಿನ ನಡುವೆ ಇಟ್ಟರೆ ಒಂದು ಪೈಸೆ ಖರ್ಚಿಲ್ಲದೆ ಮಂಗಳೂರಿನಿಂದ ದುಬೈಗೆ ಹಾರಿ ಬರುತ್ತಿತ್ತು.

ಈ ಡಿಸ್ಕು ಬಡವರ ಕೈಗೆ ಹೇಗೆ ಬಂತು ಅನ್ನೋದೂ ಒಂದು ಕಥೆ. ಮೊದಲು ಡಿವಿಡಿ ಅಂದರೆ ನೂರಾರು ರೂಪಾಯಿ. 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಅಂತ ಬೆಲೆ ಇಳಿಸಿ ಮಾರುಕಟ್ಟೆಗೆ ಇಳಿಯಿತು ನೋಡಿ, ಎಲ್ಲರ ಲೆಕ್ಕ ತಲೆಕೆಳಗಾಯಿತು. ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲೂ ಡಿಸ್ಕು ನೇತಾಡತೊಡಗಿದವು. ಕುಂದಾಪುರದ ಅಣ್ಣ 2008ರ ರಜೆಯಲ್ಲಿ ಒಂದೇ ಸಲ ನಲವತ್ತು ಡಿಸ್ಕು ತಂದಿದ್ದರು. ‘ಬಂಗಾರದ ಮನುಷ್ಯ’ ಆ ಕಟ್ಟಿನಲ್ಲೇ ಬಂದದ್ದು. ಅದೇ ಮೋಸರ್ ಬೇರ್ ಸಾಲದಲ್ಲಿ ಮುಳುಗಿ 2018ರಲ್ಲಿ ಕಂಪನಿ ನ್ಯಾಯಮಂಡಳಿಯಿಂದ ಮುಚ್ಚುವ ಆದೇಶ ಪಡೆಯಿತು. ಹತ್ತೇ ವರ್ಷದಲ್ಲಿ ರಾಜ, ಹತ್ತೇ ವರ್ಷದಲ್ಲಿ ಭಿಕಾರಿ... ಸಿನಿಮಾ ಕಥೆಯೇ!

ಡಿಸ್ಕಿಗೂ ವೀಸಾ!

ನಮಗೆ ಮಾತ್ರ ವೀಸಾ ಅಂತ ತಿಳಿದಿದ್ದೆ. ಡಿವಿಡಿಗೂ ಉಂಟು! ಹಾಲಿವುಡ್ಡಿನವರು ಜಗತ್ತನ್ನು ವಲಯಗಳಾಗಿ ಹಂಚಿ ನಂಬರು ಕೊಟ್ಟರು. ಅಮೆರಿಕ, ಕೆನಡಾ 1. ಯುರೋಪು, ಜಪಾನು, ಗಲ್ಫು 2. ಸಿಂಗಪುರ, ಮಲೇಷ್ಯಾ 3. ಆಸ್ಟ್ರೇಲಿಯಾ 4. ನಮ್ಮ ಭಾರತ 5. ಚೀನಾ 6. ಐದರ ಡಿಸ್ಕನ್ನು ಒಂದರ ಪ್ಲೇಯರಿಗೆ ಹಾಕಿದರೆ ಅದು ಉಗುಳಿಬಿಡುತ್ತದೆ. ‘ಆಲ್’ ಎಂದೋ ಸೊನ್ನೆ ಎಂದೋ ಮುದ್ರೆ ಇದ್ದರೆ ಮಾತ್ರ ಎಲ್ಲ ದೇಶಕ್ಕೂ ಪ್ರವೇಶ. ನಮ್ಮ ಪುಣ್ಯಕ್ಕೆ ಭಾರತದ ಎಷ್ಟೋ ಡಿಸ್ಕಿಗೆ ಈ ಬೀಗವೇ ಇರಲಿಲ್ಲ. ಗಲ್ಫಿನಲ್ಲಿ ಸಿಗುತ್ತಿದ್ದ ಚೀನಾದ ಅಗ್ಗದ ಪ್ಲೇಯರಿಗೋ ನಂಬರು, ಗಿಂಬರು ಯಾವುದೂ ಲೆಕ್ಕಕ್ಕಿಲ್ಲ. ಏನು ಹಾಕಿದರೂ ನುಂಗುತ್ತಿತ್ತು.

ಅಮೆರಿಕದವರಿಗೆ ಇನ್ನೊಂದು ತಾಪತ್ರಯ. ನಮ್ಮ ಟೀವಿಯ ಪದ್ಧತಿ ಪಾಲ್, ಸೆಕೆಂಡಿಗೆ 25 ಚಿತ್ರ. ಅಲ್ಲಿಯದು ಎನ್‌ಟಿಎಸ್‌ಸಿ, ಸೆಕೆಂಡಿಗೆ ಸುಮಾರು 30. ನಮ್ಮೂರಿನ ಇಂಜಿನಿಯರ್ ಹುಡುಗನೊಬ್ಬ ನ್ಯೂಜೆರ್ಸಿಗೆ ಹೊತ್ತುಕೊಂಡು ಹೋದ ಡಿಸ್ಕುಗಳಲ್ಲಿ ಅರ್ಧ ಅಲ್ಲಿನ ಟೀವಿಯಲ್ಲಿ ಬರೀ ಗೆರೆ ಗೆರೆ. ಕಡೆಗೆ ಕಂಪ್ಯೂಟರಿನಲ್ಲಿ ನೋಡಿದನಂತೆ.

ಇದರಲ್ಲಿ ಒಂದು ಸ್ವಾರಸ್ಯ ಕೇಳಿ. ಥಿಯೇಟರಿನಲ್ಲಿ ಫಿಲಮ್ಮು ಓಡುವುದು ಸೆಕೆಂಡಿಗೆ 24 ಚಿತ್ರದಂತೆ. ಪಾಲ್ ಡಿಸ್ಕಿನಲ್ಲಿ ಅದೇ 25ರಂತೆ ಓಡುತ್ತದೆ. ಅಂದರೆ ಮೂರು ಗಂಟೆಯ ಚಿತ್ರ ಏಳು ನಿಮಿಷ ಮೊದಲೇ ಮುಗಿದುಹೋಗುತ್ತದೆ! ಸರಿಪಡಿಸದೆ ಬಿಟ್ಟರೆ ದನಿಯೂ ಒಂದು ಕೂದಲೆಳೆ ಏರುತ್ತದೆ. ಅಣ್ಣಾವ್ರ ಹಾಡನ್ನು ರೇಡಿಯೋದಲ್ಲಿ ಕೇಳಿ ಬೆಳೆದ ಕುಂದಾಪುರದ ಅಣ್ಣನಿಗೆ ಇದು ಯಾರೂ ಹೇಳದೆ ಗೊತ್ತಿತ್ತು. “ಇದ್ರಲ್ಲಿ ಸ್ವರ ಎಂತದೋ ಮೇಲೆ ಹೋಗ್ತದೆ ಮಾರಾಯ” ಅನ್ನೋರು. ನಾವು ನಗುತ್ತಿದ್ದೆವು. ಆಮೇಲೆ ಒಬ್ಬ ಸೌಂಡ್ ಇಂಜಿನಿಯರರನ್ನು ಕೇಳಿದೆ. ಅಣ್ಣನ ಕಿವಿಯೇ ಸರಿ!

ಒಂದು ತಟ್ಟೆ, ಮೂರು ಸಿನಿಮಾ

ವಿಸಿಡಿಯ ಕಾಲದಲ್ಲಿ ಒಂದು ಚಿತ್ರಕ್ಕೆ ಎರಡು, ಮೂರು ಡಿಸ್ಕು. ಒಂದರಲ್ಲಿ ಹಿಡಿಸುವುದು ಎಪ್ಪತ್ತನಾಲ್ಕರಿಂದ ಎಂಬತ್ತು ನಿಮಿಷ. ಸರಿಯಾಗಿ ವಿಲನ್ ನಾಯಕಿಯ ಕೈ ಹಿಡಿಯುವಾಗಲೇ ಡಿಸ್ಕು ಬದಲಿಸಬೇಕು. ಡಿವಿಡಿ ಬಂದಾಗ ಆ ಕಾಟ ತಪ್ಪಿತು, ಆದರೆ ‘ಮೂರು ಇನ್ ಒಂದು’ ಎಂಬ ಹೊಸ ಕಾಟ ಹುಟ್ಟಿತು. ಒಂದು ಪದರದ ಡಿವಿಡಿಯಲ್ಲಿರುವುದು 4.7 ಜೀಬಿ ಜಾಗ, ಒಂದು ಚಿತ್ರಕ್ಕೆ ಚೆಂದಾಗಿ ಸಾಲುತ್ತದೆ. ಅದರಲ್ಲೇ ಮೂರನ್ನು ತುರುಕಿದರೆ? ಹಾಡು ನಿಧಾನವಾಗಿದ್ದರೆ ಪರವಾಗಿಲ್ಲ. ಹೊಡೆದಾಟ ಬಂತೋ, ಟೈಗರ್ ಪ್ರಭಾಕರ್ ಒದ್ದ ರಭಸಕ್ಕೆ ಒದೆ ತಿಂದವನ ಜೊತೆ ತೆರೆಯೂ ಚೌಕ ಚೌಕವಾಗಿ ಒಡೆದುಹೋಗುತ್ತಿತ್ತು! ಇದನ್ನು ಮಾರಿದವರ ಹೆಸರು ಬೇಡ. ಮೂರರ ಆಸೆಗೆ ಬಿದ್ದು ಕೊಂಡವರು ನಾವೇ ತಾನೇ?

ಇನ್ನು ಸ್ಕೋಪ್ ಚಿತ್ರಗಳ ಪಾಡು ಯಾರಿಗೂ ಬೇಡ. ಕನ್ನಡದ ಮೊದಲ ಸಿನಿಮಾಸ್ಕೋಪ್ 1977ರ ‘ಸೊಸೆ ತಂದ ಸೌಭಾಗ್ಯ’. ಅಷ್ಟಗಲದ ಚಿತ್ರವನ್ನು ಹಳೆಯ ಟೀವಿಯ ಚೌಕಟ್ಟು ತುಂಬುವಂತೆ ಕತ್ತರಿಸಿದರೆ ಎರಡೂ ಪಕ್ಕ ಸೇರಿ ಹೆಚ್ಚುಕಡಿಮೆ ಅರ್ಧ ಹೋಗುತ್ತದೆ. ಇಬ್ಬರು ಮಾತಾಡುವ ಸೀನಿನಲ್ಲಿ ಒಬ್ಬರ ಮೂಗು, ಇನ್ನೊಬ್ಬರ ಕಿವಿ. ಮಧ್ಯೆ ಹೂದಾನಿ!

ಶುಕ್ರವಾರದ ಮ್ಯಾಟಿನಿ

ಇಷ್ಟೆಲ್ಲ ಆದರೂ ಶುಕ್ರವಾರ ಮಧ್ಯಾಹ್ನ ರೂಮು ಹೌಸ್‌ಫುಲ್. ಆಗ ಅಲ್ಲಿ ಶುಕ್ರವಾರ ರಜೆ. ಪಕ್ಕದ ರೂಮಿನವರೂ ಚಾಪೆ ಹಿಡಿದು ಬರುತ್ತಿದ್ದರು. ಯಾವ ಚಿತ್ರ ಎಂಬುದಕ್ಕೆ ಜಗಳ. ಬಂಟ್ವಾಳದವರು ಶಂಕರ್‌ನಾಗ್ ಭಕ್ತರು, ಅವರಿಗೆ 1980ರ ‘ಮಿಂಚಿನ ಓಟ’ ಬೇಕು. ಕಲಬುರಗಿಯವನಿಗೆ ವಿಷ್ಣುವರ್ಧನ್ ಬಿಟ್ಟರೆ ದೇವರಿಲ್ಲ. 1978ರಲ್ಲಿ ವಿಷ್ಣು, ದ್ವಾರಕೀಶ್ ಜೋಡಿಯ ‘ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ’ ಬಂತಲ್ಲ, ವಿದೇಶದಲ್ಲಿ ತೆಗೆದ ಮೊದಲ ಕನ್ನಡ ಚಿತ್ರ, ಅದನ್ನು ಹಾಕಿದಾಗೆಲ್ಲ ಅವನು ಕೇಳುತ್ತಿದ್ದ: “ಲೇ ತಮ್ಮಾ, ಇವರು ಫಾರಿನ್ನಿಗೆ ಹೋದ್ರ ಹಾಡು ಹಾಡ್ತಾರ. ನಮಗ್ಯಾಕ ಬರೇ ಪೈಪು ಹೊರೋ ಕೆಲಸ?” ಉತ್ತರ ಯಾರ ಬಳಿಯೂ ಇರಲಿಲ್ಲ. ಸಿಳ್ಳೆ ಮಾತ್ರ ಬೀಳುತ್ತಿತ್ತು. ನಾಗತಿಹಳ್ಳಿಯವರ ‘ಅಮೆರಿಕ ಅಮೆರಿಕ’ವನ್ನು ಒಂದೇ ಸಲ ನೋಡಿದೆವು. ಒಳ್ಳೆಯ ಚಿತ್ರವೇ. ಆದರೆ ಕಾರು, ಬಂಗಲೆ ಇದ್ದವರ ಹೊರನಾಡು ಬೇರೆ, ನಮ್ಮದು ಬೇರೆ.

‘ಬಂಗಾರದ ಮನುಷ್ಯ’ಕ್ಕೆ ಮಾತ್ರ ಜಗಳವಿಲ್ಲ. ಅಕ್ಕನ ಮನೆಗಾಗಿ ಹಗಲಿರುಳು ದುಡಿಯುವ ರಾಜೀವ. ಆ ರೂಮಿನಲ್ಲಿದ್ದ ಆರೂ ಜನ ಯಾರದೋ ಮನೆಗಾಗಿ ದುಡಿಯುತ್ತಿದ್ದವರೇ. ತಂಗಿ ಮದುವೆ, ತಮ್ಮನ ಓದು, ಬ್ಯಾಂಕಿನ ಸಾಲ. ಚಿತ್ರದ ಕೊನೆಯಲ್ಲಿ ರಾಜೀವ ತಾನು ಕಟ್ಟಿದ ಮನೆಯವರಿಂದಲೇ ಮಾತು ಕೇಳಿಸಿಕೊಂಡು ಎಲ್ಲ ಬಿಟ್ಟು ಹೊರಟುಹೋಗುತ್ತಾನೆ. ಆ ಸೀನಿಗೆ ಇನ್ನೂ ಐದು ನಿಮಿಷ ಇರುವಾಗಲೇ ಕುಂದಾಪುರದ ಅಣ್ಣ ಎದ್ದು ಚಹಾ ಮಾಡಲು ಹೋಗುವರು. ಪ್ರತಿ ಸಲವೂ. ಒಮ್ಮೆ ನಾನು, “ಅಣ್ಣಾ, ಕ್ಲೈಮ್ಯಾಕ್ಸು ನೋಡಿ ಹೋಗಿ” ಅಂದೆ. ತಿರುಗಿ ನೋಡದೆ, “ಅದು ನಂಗೆ ಗೊತ್ತುಂಟು, ನೀನು ನೋಡು” ಅಂದರು. ಮನೆಯಲ್ಲಿ ಅವರ ಕಥೆ ಏನಿತ್ತೋ, ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಈಗ ಆ ಡಿಸ್ಕುಗಳೆಲ್ಲಿ?

ಈಗ ಎಲ್ಲರ ಕೈಯಲ್ಲೂ ಫೋನು. “ಇನ್ನು ಡಿಸ್ಕು ಯಾಕೆ?” ಎಂದು ಪ್ರತಿ ರೂಮಿನಲ್ಲೂ ಎಸೆಯುತ್ತಿದ್ದಾರೆ. 2019ರ ಕೊನೆಗೆ ನಾನು ವಾಪಸ್ಸು ಬರುವಾಗಲೇ ನಮ್ಮ ಕಟ್ಟಡದ ಕಸದ ತೊಟ್ಟಿಯ ಪಕ್ಕ ಒಂದು ಚೀಲ ತುಂಬ ಡಿಸ್ಕು ಬಿದ್ದಿದ್ದವು. ಅದರಿಂದ ಹನ್ನೊಂದನ್ನು ಆರಿಸಿ ತಂದೆ. ಅವುಗಳಲ್ಲಿ ಎಂಬತ್ತರ ದಶಕದ ಒಂದು ಪ್ರಭಾಕರ್ ಚಿತ್ರ. ಡಿಸ್ಕಿನಲ್ಲಿ 2 ಗಂಟೆ 21 ನಿಮಿಷ. ಅದೇ ಚಿತ್ರ ಫೋನಿನಲ್ಲಿ ಹುಡುಕಿದರೆ 2 ಗಂಟೆ 6 ನಿಮಿಷ! ಪಾಲ್ ವೇಗದ ಲೆಕ್ಕ ಹಾಕಿದರೂ ಆರು ನಿಮಿಷದ ಮೇಲೆ ವ್ಯತ್ಯಾಸ ಬರಬಾರದು. ಎರಡನ್ನೂ ಕೂತು ನೋಡಿದೆ. ಒಂದು ಹಾಡು ಪೂರ್ತಿ ಮಾಯ, ಹಾಸ್ಯದ ಎರಡು ಸೀನು ಮಾಯ. ಮೂಲೆಯಲ್ಲಿ ಅಂಗೈಯಗಲದ ಚಾನೆಲ್ ಮುದ್ರೆ ಬೇರೆ. ಪೂರ್ತಿ ಚಿತ್ರ ನನ್ನ ಬಳಿ ಇರುವುದು ಆ ಕಸದ ತೊಟ್ಟಿಯ ಡಿಸ್ಕಿನಲ್ಲೇ!

ದೊಡ್ಡ ಹೆಸರಿನ ಚಿತ್ರಗಳಿಗೆ ಕಾಯುವವರಿದ್ದಾರೆ. ‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲಿ, ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ ಬಣ್ಣ ಹಚ್ಚಿ ಮತ್ತೆ ತೆರೆಗೆ ತಂದರು. ವಾರವೋ ಎರಡು ವಾರವೋ ಓಡಿ ಮರೆಯಾದ ಚಿತ್ರಗಳಿಗೆ ಯಾರು ಗತಿ? ಆ ಕಾಲದ ಹೆಚ್ಚಿನ ಕನ್ನಡ ಚಿತ್ರಗಳು ಮದರಾಸಿನ ಲ್ಯಾಬುಗಳಲ್ಲಿ ತೊಳೆದು ಬಂದವು. ಡಿಜಿಟಲ್ ಬಂದ ಮೇಲೆ ಆ ಲ್ಯಾಬುಗಳು ಬಾಗಿಲು ಹಾಕಿದವು. 1934ರ ‘ಸತಿ ಸುಲೋಚನಾ’, ನಮ್ಮ ಮೊದಲ ವಾಕ್ಚಿತ್ರ, ಅದರ ಒಂದು ಪ್ರಿಂಟೂ ಇವತ್ತು ಇಲ್ಲ. ಅದಕ್ಕಾದರೆ ತೊಂಬತ್ತು ವರ್ಷದ ವಯಸ್ಸಿನ ನೆಪವಿದೆ. ಎಂಬತ್ತೈದರ ಚಿತ್ರಕ್ಕೆ?

ಮನೆಯಲ್ಲಿ, ಗಲ್ಫಿನ ಮಾವನ ಪೆಟ್ಟಿಗೆಯಲ್ಲಿ ಡಿಸ್ಕು ಇದ್ದರೆ ಮೊದಲು ಹಿಂಬದಿ ನೋಡಿ. ಬೆಳ್ಳಿಯಂತೆ ಹೊಳೆದರೆ ಕಂಪನಿ ಅಚ್ಚು ಹಾಕಿದ್ದು. ನೇರಳೆ ಛಾಯೆ ಇದ್ದರೆ ಕಂಪ್ಯೂಟರಿನಲ್ಲಿ ಸುಟ್ಟದ್ದು, ಹೆಚ್ಚಾಗಿ ಕಳ್ಳಮಾಲು. ಇದರ ಆಯುಸ್ಸು ಕಡಿಮೆ, ಬೇಗ ನೋಡಿಬಿಡಿ. ದೀಪಕ್ಕೆ ಹಿಡಿದಾಗ ಸೂಜಿಮೊನೆಯಷ್ಟು ತೂತುಗಳು ಕಂಡರೆ ಒಳಪದರ ಕೆಡುತ್ತಿದೆ ಎಂದರ್ಥ. ಕೊಳೆಯಾಗಿದ್ದರೆ ತಣ್ಣೀರಿನಲ್ಲಿ ತೊಳೆದು ಮೆತ್ತನೆಯ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಬೇಕು. ದೋಸೆಹಂಚು ಒರೆಸಿದ ಹಾಗೆ ಸುತ್ತ ಒರೆಸಿದರೆ ಗೀರು ಬಿದ್ದು ಚಿತ್ರ ನಿಂತೇ ಹೋಗುತ್ತದೆ.

ಪ್ಲೇಯರು ಕೆಟ್ಟಿದೆ ಎಂದು ಗುಜರಿಗೆ ಹಾಕುವ ಮೊದಲು ಒಂದು ಪರೀಕ್ಷೆ. ಗುಂಡಿ ಒತ್ತಿದಾಗ ಒಳಗೆ ಗುಂಯ್ ಎಂದು ಸದ್ದಾಗಿ ತಟ್ಟೆ ಹೊರಗೆ ಬರದಿದ್ದರೆ ಹೆಚ್ಚಿನ ಸಲ ಕೆಟ್ಟಿರುವುದು ಒಳಗಿನ ಸಣ್ಣ ರಬ್ಬರ್ ಬೆಲ್ಟು ಮಾತ್ರ. ನನ್ನದನ್ನು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಾಕಿಸಿದೆ. ಬೆಲ್ಟಿಗೆ ಇಪ್ಪತ್ತು ರೂಪಾಯಿ, ಕೈಕೂಲಿ ನೂರು.