ಡೇಟಾಲಾಗರ್‌ನ ಒಡಲಿನ ಲೆಕ್ಕಪುಸ್ತಕ

ಔಷಧ ವರ್ತಕರಿಗೂ ಶೀತಲಗೃಹಗಳ ಮಾಲೀಕರಿಗೂ ಡೇಟಾಲಾಗರ್ ಹೊಸ ಸಾಧನವೇನಲ್ಲ. 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿರಬೇಕಾದ ಇನ್ಸುಲಿನ್ ಪೆಟ್ಟಿಗೆಯು ದಾರಿಯಲ್ಲಿ ಬಿಸಿಯಾಯಿತೇ ಎಂಬ ತಕರಾರು ಎದ್ದಾಗ ಮಾರಾಟಗಾರ, ಸಾಗಣೆದಾರ ಮತ್ತು ವಿಮಾ ಸಂಸ್ಥೆಯ ಪ್ರತಿನಿಧಿ ಮೂವರೂ ಅದರಿಂದ ಮುದ್ರಿಸಿದ ರೇಖಾಚಿತ್ರವನ್ನೇ ಎದುರಿಗಿಟ್ಟುಕೊಂಡು ವಾದಿಸುತ್ತಾರೆ. ಆದರೆ ಸಾಧನದೊಳಗೆ ರೇಖಾಚಿತ್ರವೆಂಬುದು ಇರುವುದೇ ಇಲ್ಲ. ಅಲ್ಲಿರುವುದು ಅಂಕಿಗಳ ಸಾಲು ಮಾತ್ರ. ಆ ಸಾಲನ್ನು ಯಾವ ಕ್ರಮದಲ್ಲಿ ಬರೆಯಲಾಗಿದೆ ಎಂಬುದರ ಅರಿವು ಸಾವಿರಾರು ರೂಪಾಯಿಗಳ ನಷ್ಟ ಯಾರ ತಲೆಗೆ ಬೀಳಬೇಕೆಂಬುದನ್ನು ನಿರ್ಧರಿಸಬಲ್ಲದು.

ಸಾಧನದ ಸ್ಮೃತಿಯನ್ನು ಕಿರ್ದಿ ಪುಸ್ತಕಕ್ಕೆ ಹೋಲಿಸಬಹುದು. ಮೊದಲ ಪುಟದಲ್ಲಿ ಸಾಧನದ ಕ್ರಮಸಂಖ್ಯೆ, ದಾಖಲೆ ಆರಂಭವಾದ ದಿನಾಂಕ ಮತ್ತು ವೇಳೆ, ಎಷ್ಟು ನಿಮಿಷಕ್ಕೊಮ್ಮೆ ಅಳೆಯಬೇಕೆಂಬ ಸೂಚನೆ, ಎಚ್ಚರಿಕೆಯ ಮಿತಿಗಳು ಇರುತ್ತವೆ. ಮುಂದಿನ ಪುಟಗಳಲ್ಲಿ ಒಂದರ ಕೆಳಗೊಂದು ಅಳತೆಗಳು. ಸರಳ ಮಾದರಿಗಳಲ್ಲಿ ಪ್ರತಿ ಅಳತೆಯ ಪಕ್ಕದಲ್ಲಿ ವೇಳೆಯನ್ನು ಬರೆಯುವ ಪದ್ಧತಿಯಿಲ್ಲ. ಜಾಗ ಉಳಿಸುವುದೇ ಇದರ ಉದ್ದೇಶ. 15 ನಿಮಿಷದ ಅಂತರವಿದ್ದಲ್ಲಿ, ಆರಂಭದ ಅಳತೆಯ ನಂತರ ಬರುವ ನೂರನೆಯ ಅಳತೆಯು 1,500 ನಿಮಿಷಗಳ, ಅಂದರೆ 25 ಗಂಟೆಗಳ ಬಳಿಕ ಬಂದುದೆಂದು ಕಂಪ್ಯೂಟರಿನ ತಂತ್ರಾಂಶವು ಗುಣಿಸಿ ಹೇಳುತ್ತದೆ.

ಇಲ್ಲಿಯೇ ಅಪಾಯ ಅಡಗಿದೆ. ಆರಂಭದ ವೇಳೆಯು ಸಾಮಾನ್ಯವಾಗಿ ಸಾಧನವನ್ನು ಸಜ್ಜುಗೊಳಿಸಿದ ಕಂಪ್ಯೂಟರಿನ ಗಡಿಯಾರದಿಂದ ಬಂದುದು. ಆ ಗಡಿಯಾರ ಎರಡು ಗಂಟೆ ಮುಂದಿದ್ದರೆ ಇಡೀ ಪುಸ್ತಕವೇ ಎರಡು ಗಂಟೆ ಮುಂದಿರುತ್ತದೆ. ಮಾರಾಟಗಾರನ ಗೋದಾಮಿನಲ್ಲಿ ಮಧ್ಯಾಹ್ನ 2-30ಕ್ಕೆ ಏರಿದ ಉಷ್ಣತೆಯು 4-30ರಲ್ಲಿ ದಾಖಲಾಗುತ್ತದೆ. ಸರಕು 4 ಗಂಟೆಗೆ ಲಾರಿಗೆ ಹೋಗಿದ್ದರೆ ತಪ್ಪು ಸಾಗಣೆದಾರನದೆಂದು ಕಾಣುತ್ತದೆ. ಇದಕ್ಕೆ ಹೋಲಿಸಿದರೆ ಸಾಧನದೊಳಗಿನ ಸ್ಫಟಿಕದ ದೋಷ ಅಲ್ಪವೇ ಸರಿ. ಹತ್ತು ಲಕ್ಷಕ್ಕೆ 20ರ ವ್ಯತ್ಯಾಸವಿದ್ದರೂ ದಿನಕ್ಕೆ ಸುಮಾರು 1.7 ಸೆಕೆಂಡು ಮಾತ್ರ.

ಅಳತೆಯನ್ನು ಬರೆಯುವ ರೀತಿಯೂ ಲೆಕ್ಕಿಗರಿಗೆ ಪರಿಚಿತವಾದುದೇ. ರೂಪಾಯಿಯನ್ನು ಪೈಸೆಗೆ ಪರಿವರ್ತಿಸಿದಂತೆ 5.25 ಡಿಗ್ರಿಯನ್ನು 525 ಎಂದು ಬರೆದಿಡುವುದುಂಟು. ಎರಡು ಬೈಟುಗಳಲ್ಲಿ -32,768ರಿಂದ 32,767ರವರೆಗಿನ ಯಾವುದೇ ಸಂಖ್ಯೆ ಹಿಡಿಯುತ್ತದೆ. ಸಂವೇದಕದ ತಂತಿ ಕಡಿದುಹೋದರೆ ಸಾಲನ್ನು ಖಾಲಿ ಬಿಡಲು ಬರುವುದಿಲ್ಲವಾದ್ದರಿಂದ, ನಿಜ ಜೀವನದಲ್ಲಿ ಬಾರದ ಒಂದು ಸಂಖ್ಯೆಯನ್ನು, ಉದಾಹರಣೆಗೆ -32,768 ಅನ್ನು, ದೋಷದ ಗುರುತಾಗಿ ಬರೆಯುವ ಮಾದರಿಗಳಿವೆ. ತಂತ್ರಾಂಶವು ಇದನ್ನು ಗುರುತಿಸದಿದ್ದರೆ ಅದು -327.68 ಡಿಗ್ರಿ ಎಂದಾಗುತ್ತದೆ. ದಿನದ 96 ಅಳತೆಗಳಲ್ಲಿ 95 ಸರಿಯಾಗಿ 5 ಡಿಗ್ರಿಯಿದ್ದು ಇದೊಂದು ಸೇರಿದರೆ ಸರಾಸರಿ 1.53 ಡಿಗ್ರಿಗೆ ಇಳಿಯುತ್ತದೆ! ಕೆಡದ ಸರಕು ಹೆಪ್ಪುಗಟ್ಟಿತೆಂದು ತಿರಸ್ಕೃತವಾಗಲು ಇಷ್ಟೇ ಸಾಕು. ಸರಾಸರಿಯನ್ನಷ್ಟೇ ತೋರಿಸುವ ವರದಿಯನ್ನು ಒಪ್ಪಿಕೊಳ್ಳದಿರುವುದು ಲೇಸು.

16,000 ಅಳತೆಗಳ ಸಾಧನಕ್ಕೆ ಬೇಕಾಗುವ ಜಾಗ 32,000 ಬೈಟು ಮಾತ್ರ. 15 ನಿಮಿಷಕ್ಕೊಮ್ಮೆ ಅಳೆದರೆ ಅದು 166 ದಿನಗಳಿಗೆ ಸಾಲುತ್ತದೆ; ನಿಮಿಷಕ್ಕೊಮ್ಮೆ ಅಳೆದರೆ ಕೇವಲ 11 ದಿನಗಳಿಗೆ. ಪುಸ್ತಕ ತುಂಬಿದ ಮೇಲೆ ಏನಾಗಬೇಕೆಂಬುದನ್ನು ಸಜ್ಜುಗೊಳಿಸುವಾಗಲೇ ಆಯ್ದುಕೊಳ್ಳಬೇಕು: ಒಂದೋ ಬರವಣಿಗೆ ನಿಲ್ಲುತ್ತದೆ, ಇಲ್ಲವೇ ಮೊದಲ ಪುಟದ ಮೇಲೆಯೇ ಮತ್ತೆ ಬರೆಯಲಾಗುತ್ತದೆ. ಎರಡನೆಯ ಕ್ರಮದಲ್ಲಿ ಹಳೆಯ ದಾಖಲೆ ಸದ್ದಿಲ್ಲದೆ ಅಳಿಯುತ್ತದೆ. ಫ್ಲಾಶ್ ಸ್ಮೃತಿಯನ್ನು ಸಾಲು ಸಾಲಾಗಿ ಅಳಿಸಲು ಬರುವುದಿಲ್ಲ, ಒಂದು ಖಂಡವನ್ನೇ ಒಟ್ಟಿಗೆ ಅಳಿಸಬೇಕು. ಹೀಗಾಗಿ ಹಳೆಯ ನೂರಾರು ಅಳತೆಗಳು ಒಮ್ಮೆಲೇ ಮರೆಯಾಗುವುದುಂಟು. ಬ್ಯಾಟರಿ ಸತ್ತರೂ ಫ್ಲಾಶ್‌ನಲ್ಲಿ ಬರೆದದ್ದು ಉಳಿಯುತ್ತದೆ. ಆದರೆ ತಾತ್ಕಾಲಿಕ ಸ್ಮೃತಿಯಲ್ಲಿದ್ದು ಇನ್ನೂ ವರ್ಗಾವಣೆಯಾಗದ ಕೊನೆಯ ಕೆಲವು ಅಳತೆಗಳು ನಷ್ಟವಾಗಬಹುದು.

ಔಷಧದ ಗೊಡವೆಯಿಲ್ಲದ ಕಾರ್ಖಾನೆಯ ಮಾಲೀಕರ ಗೋಡೆಯ ಮೇಲೂ ಇಂಥದೇ ಸಾಧನವಿದೆ. ಅದು ಎಚ್.ಟಿ. ಸಂಪರ್ಕದ ವಿದ್ಯುತ್ ಮೀಟರು. ಅದರ ಯೂನಿಟ್ಟಿನ ಒಟ್ಟು ಅಂಕಿಯು ಖಾತೆಯ ಶಿಲ್ಕು ಇದ್ದಂತೆ. 15 ಅಥವಾ 30 ನಿಮಿಷಗಳಿಗೊಮ್ಮೆ ಸರಾಸರಿ ಬೇಡಿಕೆಯನ್ನು ಬರೆದಿಡುವ ಲೋಡ್ ಸರ್ವೆಯು ಕಿರ್ದಿ. ಕರಾರು ಬೇಡಿಕೆಯನ್ನು ಮೀರಿದ್ದಕ್ಕೆ ದಂಡದ ದರ ಬಿದ್ದಾಗ, ಅದು ಯಾವ ದಿನ ಯಾವ ಪಾಳಿಯಲ್ಲಿ ಘಟಿಸಿತು, ಎರಡು ದೊಡ್ಡ ಮೋಟಾರುಗಳನ್ನು ಒಟ್ಟಿಗೆ ಚಾಲೂ ಮಾಡಿದ್ದೇ ಕಾರಣವೇ ಎಂಬುದು ಈ ಕಿರ್ದಿಯಿಂದಷ್ಟೇ ತಿಳಿಯುತ್ತದೆ. ಶಿಲ್ಕು ಉಳಿಯುತ್ತದೆ, ಕಿರ್ದಿಯು ಮೀಟರಿನ ಸಾಮರ್ಥ್ಯಕ್ಕೆ ತಕ್ಕಂತೆ ಕೆಲಕಾಲ ಮಾತ್ರ ಇದ್ದು ಮೇಲೆ ಮೇಲೆ ಬರೆದು ಅಳಿಯುತ್ತದೆ. ಬಿಲ್ಲಿನ ಬಗ್ಗೆ ಆಕ್ಷೇಪವಿರುವವರು ಮೂರನೆಯ ಬಿಲ್ಲಿಗಾಗಿ ಕಾಯುತ್ತ ಕೂರದೆ, ಲೋಡ್ ಸರ್ವೆಯ ಪ್ರತಿಯನ್ನು ಒಡನೆಯೇ ಲಿಖಿತವಾಗಿ ಕೋರಬೇಕು.

ವ್ಯಾಜ್ಯವು ನ್ಯಾಯಾಲಯಕ್ಕೆ ಹೋದರೆ ಮುದ್ರಿತ ಹಾಳೆಯೊಂದೇ ಸಾಲದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಪ್ರಕರಣವು ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರವನ್ನು ಕೇಳುತ್ತದೆ. ಅದರ ನಮೂನೆಯಲ್ಲಿ ಎರಡು ಭಾಗಗಳಿದ್ದು, ಕಡತದ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕಾಗುತ್ತದೆ. ಒಂದು ಅಕ್ಷರ ಬದಲಾದರೂ ಈ ಮೌಲ್ಯ ಬದಲಾಗುತ್ತದೆ. ಸಾಧನದಿಂದ ಇಳಿಸಿಕೊಂಡ ಮೂಲ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದು, ಅಂದಗೊಳಿಸಿ, ಅದರ ಮೇಲೆಯೇ ಉಳಿಸುವ ಗುಮಾಸ್ತನು ತನಗರಿವಿಲ್ಲದೆಯೇ ಮಾಲೀಕನ ಸಾಕ್ಷ್ಯವನ್ನು ದುರ್ಬಲಗೊಳಿಸುತ್ತಾನೆ. ಮೂಲ ಕಡತವನ್ನು ಇಳಿಸಿದ ದಿನವೇ ಪ್ರತ್ಯೇಕವಾಗಿ ತೆಗೆದಿರಿಸಿ, ಅದನ್ನು ಓದಬಲ್ಲ ತಂತ್ರಾಂಶದ ಅದೇ ಆವೃತ್ತಿಯನ್ನೂ ಜೊತೆಗಿಟ್ಟು, ಪ್ರತಿಯ ಮೇಲಷ್ಟೇ ಕೆಲಸ ಮಾಡುವಂತೆ ಕಚೇರಿಯಲ್ಲಿ ತಾಕೀತು ಮಾಡತಕ್ಕದ್ದು.