ಕುದುರೆಮರಿಗೆ ಮೊದಲ 24 ಗಂಟೆಯೇ ನಿರ್ಣಾಯಕ: ಗಿಣ್ಣು ಹಾಲು ಸಿಗದಿದ್ದರೆ ಏನಾಗುತ್ತದೆ?

ಮುಂಬೈ: ಮಹಾಲಕ್ಷ್ಮಿ ರೇಸ್‌ಕೋರ್ಸ್‌ನಲ್ಲಿ ಗಾಳಿಯಂತೆ ಓಡುವ ಕುದುರೆಯಾಗಲಿ, ಮಾಥೇರಾನ್ ಬೆಟ್ಟದಲ್ಲಿ ಪ್ರವಾಸಿಗರನ್ನು ಹೊರುವ ಕುದುರೆಯಾಗಲಿ, ಹುಟ್ಟಿದ ಮೊದಲ ದಿನ ಎರಡರ ಪಾಡೂ ಒಂದೇ. ರೋಗದ ವಿರುದ್ಧ ಹೋರಾಡಲು ಅವುಗಳ ರಕ್ತದಲ್ಲಿ ಪ್ರತಿಕಾಯಗಳೇ ಇರುವುದಿಲ್ಲ ಎನ್ನಬಹುದು.

ಇದಕ್ಕೆ ಕಾರಣವೇನು?

ಮನುಷ್ಯರಲ್ಲಿ ತಾಯಿಯ ಪ್ರತಿಕಾಯಗಳು ಗರ್ಭದಲ್ಲಿರುವಾಗಲೇ ಮಗುವಿಗೆ ಸಿಗುತ್ತವೆ. ಕುದುರೆಯ ಮಾಸಿನ ಪದರಗಳು ಹೆಚ್ಚು. ಅವುಗಳನ್ನು ದಾಟಿ ಪ್ರತಿಕಾಯಗಳು ಮರಿಯನ್ನು ತಲುಪುವುದಿಲ್ಲ. ಹಾಗಾಗಿ ಸುಮಾರು 11 ತಿಂಗಳು ಹೊಟ್ಟೆಯಲ್ಲಿದ್ದು ಹೊರಬರುವ ಮರಿಗೆ ಗಿಣ್ಣು ಹಾಲೇ ಮೊದಲ ಲಸಿಕೆ.

ಇಲ್ಲಿಯೂ ಒಂದು ಗಡುವಿದೆ. ಗಿಣ್ಣಿನಲ್ಲಿರುವ ಪ್ರತಿಕಾಯಗಳನ್ನು ಮರಿಯ ಕರುಳು ಹಾಗೆಯೇ ಹೀರಿಕೊಳ್ಳುವುದು ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ. 24 ಗಂಟೆ ಕಳೆಯುವಷ್ಟರಲ್ಲಿ ಆ ಬಾಗಿಲು ಮುಚ್ಚಿರುತ್ತದೆ. ಆಮೇಲೆ ಎಷ್ಟು ಗಿಣ್ಣು ಕುಡಿಸಿದರೂ ಪ್ರತಿಕಾಯ ರಕ್ತಕ್ಕೆ ಸೇರದು. ರೋಗಾಣು ರಕ್ತಕ್ಕೆ ನುಗ್ಗಿ ನಂಜೇರುವುದು, ಕೀಲು ಊದಿಕೊಳ್ಳುವುದು, ನ್ಯುಮೋನಿಯಾ, ಭೇದಿ ಎಲ್ಲಕ್ಕೂ ಮರಿ ಸುಲಭವಾಗಿ ತುತ್ತಾಗುತ್ತದೆ.

1-2-3 ಸೂತ್ರ

ಕುದುರೆ ಸಾಕುವವರು ನೆನಪಿಡಬೇಕಾದ ಸರಳ ಲೆಕ್ಕವಿದು. ಮರಿ 1 ಗಂಟೆಯೊಳಗೆ ಎದ್ದು ನಿಲ್ಲಬೇಕು. 2 ಗಂಟೆಯೊಳಗೆ ಹಾಲು ಕುಡಿಯಬೇಕು. 3 ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು. ಇದರಲ್ಲಿ ಯಾವುದು ತಪ್ಪಿದರೂ ವೈದ್ಯರಿಗೆ ಕರೆ ಮಾಡಲು ತಡಮಾಡಬಾರದು. ಹೆರಿಗೆಗೆ ಮುನ್ನವೇ ತಾಯಿಯ ಕೆಚ್ಚಲಿನಿಂದ ಹಾಲು ಸೋರುತ್ತಿದ್ದರೆ ಅದೂ ಎಚ್ಚರಿಕೆಯ ಗಂಟೆ. ಗಿಣ್ಣು ಆಗಲೇ ವ್ಯರ್ಥವಾಗುತ್ತಿರುತ್ತದೆ.

ರಕ್ಷಣೆ ಸಿಕ್ಕಿದೆಯೇ ಎಂದು ತಿಳಿಯಲು ರಕ್ತಪರೀಕ್ಷೆ ಇದೆ. ಪ್ರತಿ ಡೆಸಿಲೀಟರ್‌ಗೆ 800 ಮಿಲಿಗ್ರಾಂಗಿಂತ ಹೆಚ್ಚು ಪ್ರತಿಕಾಯ (ಐಜಿಜಿ) ಇದ್ದರೆ ನಿಶ್ಚಿಂತೆ. 400ಕ್ಕಿಂತ ಕಡಿಮೆ ಇದ್ದರೆ ಅಪಾಯ. ಗಡುವು ಮೀರಿದ ಮರಿಗೆ ಆರೋಗ್ಯವಂತ ದೊಡ್ಡ ಕುದುರೆಯ ರಕ್ತದಿಂದ ಬೇರ್ಪಡಿಸಿದ ಪ್ಲಾಸ್ಮಾವನ್ನು ರಕ್ತನಾಳದ ಮೂಲಕ ಏರಿಸುತ್ತಾರೆ.

ಮನುಷ್ಯರನ್ನೂ ಉಳಿಸಿದ ಪ್ಲಾಸ್ಮಾ

ಕುದುರೆಯ ಪ್ಲಾಸ್ಮಾಗೂ ಮುಂಬೈಗೂ ಹಳೆಯ ನಂಟಿದೆ. 1899ರಲ್ಲಿ ಪ್ಲೇಗ್ ಪ್ರಯೋಗಾಲಯವಾಗಿ ಪರೇಲ್‌ಗೆ ಬಂದ ಹಾಫ್ಕಿನ್ ಸಂಸ್ಥೆ ಮುಂದೆ ಹಾವು ಕಡಿತದ ಔಷಧಕ್ಕೂ ಹೆಸರಾಯಿತು. ಕುದುರೆಗೆ ಅತ್ಯಲ್ಪ ಪ್ರಮಾಣದಲ್ಲಿ ವಿಷ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಶುದ್ಧೀಕರಿಸಿ ಈ ಔಷಧ ತಯಾರಿಸುತ್ತಾರೆ. ಪುಣೆಯ ಪೂನಾವಾಲಾ ಕುಟುಂಬದ ಫಾರ್ಮ್‌ನಿಂದ ನಿವೃತ್ತ ಕುದುರೆಗಳು ಹಾಫ್ಕಿನ್‌ಗೆ ಬರುತ್ತಿದ್ದವು. ಸೀರಂ ಅನ್ನು ತಾವೇ ಏಕೆ ತಯಾರಿಸಬಾರದು ಎಂಬ ಯೋಚನೆಯಿಂದಲೇ 1966ರಲ್ಲಿ ಸೀರಂ ಇನ್‌ಸ್ಟಿಟ್ಯೂಟ್ ಹುಟ್ಟಿಕೊಂಡಿತು.

ಮಂಕಾದ ಮರಿಗೆ ಹಗ್ಗದ ಅಪ್ಪುಗೆ

ಕೆಲವು ಮರಿಗಳು ಹುಟ್ಟಿದ ಮೇಲೂ ಮಂಕಾಗಿರುತ್ತವೆ, ತಾಯಿಯನ್ನೇ ಗುರುತಿಸುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ (ಡೇವಿಸ್) ಪಶುವೈದ್ಯ ಜಾನ್ ಮ್ಯಾಡಿಗನ್ ಇಂಥ ಮರಿಗಳ ಎದೆಗೆ ಮೆತ್ತನೆಯ ಹಗ್ಗ ಸುತ್ತಿ ಸುಮಾರು 20 ನಿಮಿಷ ಒತ್ತಡ ಕೊಡುವ ವಿಧಾನ ರೂಪಿಸಿದರು. ಹೆರಿಗೆಯ ವೇಳೆ ಮರಿಯ ಮೇಲೆ ಬೀಳುವ ಒತ್ತಡದ ಅನುಕರಣೆ ಇದು. ಎಷ್ಟೋ ಮರಿಗಳು ಇದರ ಬಳಿಕ ಎದ್ದು ಹಾಲು ಹುಡುಕಿವೆ. ಆದರೆ ವೈದ್ಯರಿಲ್ಲದೆ ಈ ಪ್ರಯೋಗ ಬೇಡ. ಸೋಂಕು ತಗುಲಿದ ಮರಿಯೂ ಹೀಗೆಯೇ ಮಂಕಾಗಿರಬಹುದು.

ನಿಮ್ಮ ಮನೆಯ ಕರುವಿಗೂ ಇದೇ ನಿಯಮ

ಕುದುರೆ ಇಲ್ಲದವರಿಗೂ ಇಲ್ಲೊಂದು ಪಾಠವಿದೆ. ಹಸುವಿನ ಕರುವೂ ಪ್ರತಿಕಾಯವಿಲ್ಲದೆಯೇ ಹುಟ್ಟುತ್ತದೆ. ಊರಲ್ಲಿ ಹಸು ಈದ ಸುದ್ದಿ ಬಂದರೆ ಗಿಣ್ಣಿನ ಆಸೆ ಯಾರಿಗಿಲ್ಲ ಹೇಳಿ? ಆದರೆ ಮೊದಲ ಹಾಲು ಕರುವಿನ ಹೊಟ್ಟೆ ಸೇರಲಿ. ಅದು ಕುಡಿದು ಉಳಿದದ್ದಷ್ಟೇ ನಮ್ಮ ಪಾತ್ರೆಗೆ.